ಹೊಸ್ತಿಲು ದಾಟುವ ಹೆಜ್ಜೆಯನ್ನು ಎಲ್ಲಿ ಅಳೆಯಬೇಕು?

ಕೋಥ್ರೂಡಿನ ಸಂಶೋಧಕಿ, ಪುಣೆ:

ನಮಸ್ಕಾರ. ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ 65 ವರ್ಷ ದಾಟಿದ ಕನ್ನಡಿಗರ ದಿನನಿತ್ಯದ ನಡಿಗೆಯನ್ನು ಮೈಮೇಲೆ ಕಟ್ಟಿಕೊಳ್ಳುವ ಸೆನ್ಸರುಗಳಿಂದ ಅಳೆಯುವ ಅಧ್ಯಯನವೊಂದನ್ನು ಆರಂಭಿಸಲಿದ್ದೇನೆ. ಎರಡೂ ಪಾದದ ಗಂಟಿನ ಮೇಲೆ ಒಂದೊಂದು, ಸೊಂಟದ ಹಿಂಭಾಗದಲ್ಲಿ ಒಂದು, ಹೀಗೆ ಮೂರು ಸೆನ್ಸರುಗಳನ್ನು ಏಳು ದಿನ ಕಟ್ಟಿಕೊಂಡಿರಬೇಕೆಂಬುದು ಈಗಿನ ಯೋಜನೆ. ಪ್ರತಿಯೊಂದರಲ್ಲೂ ವೇಗೋತ್ಕರ್ಷವನ್ನು ಅಳೆಯುವ ಆಕ್ಸಿಲರೋಮೀಟರ್ ಮತ್ತು ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪ್ ಇದ್ದು, ಎರಡೂ ಸೆಕೆಂಡಿಗೆ 100 ಬಾರಿ ದಾಖಲಿಸುತ್ತವೆ. ಒಂದು ಹಿಮ್ಮಡಿ ನೆಲ ಮುಟ್ಟಿದ ಗಳಿಗೆಯಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನದು ನಡಿಗೆಯ ಒಂದು ಸುತ್ತು. ಆರೋಗ್ಯವಂತರಲ್ಲಿ ಅದರ ಸುಮಾರು ಶೇ 60 ಭಾಗ ಪಾದ ನೆಲದ ಮೇಲಿರುತ್ತದೆ, ಉಳಿದ ಶೇ 40 ಭಾಗ ಗಾಳಿಯಲ್ಲಿರುತ್ತದೆ. ಬೀಳುವ ಭಯವುಳ್ಳವರಲ್ಲಿ ಪಾದ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಜ್ಜೆ ಹೆಜ್ಜೆಗೂ ಸಮಯ ಏರುಪೇರಾಗುತ್ತದೆ. ಇದನ್ನು ಪ್ರಯೋಗಾಲಯದ ಸಮತಟ್ಟಾದ ನೆಲದ ಮೇಲೆ ಅಳೆದರೆ ಸಾಕೇ, ಮನೆಯಲ್ಲೇ ಅಳೆಯಬೇಕೇ? ಮನೆಯಲ್ಲೇ ಅಳೆಯಬೇಕೆಂಬುದು ನನ್ನ ನಿಲುವು.

ದಾದರಿನ ಫಿಸಿಯೋಥೆರಪಿಸ್ಟ್, ಮುಂಬಯಿ:

ಮೇಡಂ, ನಿಮ್ಮ ಉತ್ಸಾಹದ ಬಗ್ಗೆ ಗೌರವವಿದೆ, ಆದರೆ ನಿಲುವನ್ನು ಒಪ್ಪಲಾರೆ. ನೆಲದ ಮೇಲೆ 4 ಮೀಟರ್ ಗುರುತು ಹಾಕಿ, ಸ್ಟಾಪ್‌ವಾಚ್ ಹಿಡಿದು ನಿಂತರೆ ಬೇಕಾದ ಮುಖ್ಯ ಸಂಗತಿ ಸಿಕ್ಕಿಬಿಡುತ್ತದೆ. ಆ ದೂರಕ್ಕೆ 5 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್. ಸ್ನಾಯು ಕ್ಷೀಣತೆ ತೀವ್ರವಾಗಿದೆಯೇ ಎಂದು ಗುರುತಿಸಲು ಯೂರೋಪಿನ ತಜ್ಞರು ಇಟ್ಟುಕೊಂಡಿರುವ ಗೆರೆಯೇ ಅದು. ಏಷ್ಯಾದ ತಜ್ಞರ ತಂಡ 2019ರಲ್ಲಿ ತನ್ನ ಗೆರೆಯನ್ನು ಸೆಕೆಂಡಿಗೆ 1 ಮೀಟರಿಗೆ ಏರಿಸಿತು. ಇಷ್ಟು ಸರಳವಾದ ಪರೀಕ್ಷೆಯನ್ನೇ ನಮ್ಮ ಹೆಚ್ಚಿನ ದವಾಖಾನೆಗಳು ಮಾಡುವುದಿಲ್ಲ. ಮೂರು ಪೆಟ್ಟಿಗೆಗಳನ್ನು ವಾರವಿಡೀ ಕಟ್ಟಿಕೊಂಡಿರಿ ಎಂದು ವಯಸ್ಸಾದವರಿಗೆ ಹೇಳುವ ಮೊದಲು ಈ ಪರೀಕ್ಷೆಯನ್ನು ಎಲ್ಲ ಕಡೆ ತಲುಪಿಸೋಣ.

ಮಾಟುಂಗಾದ ನಿವೃತ್ತ ಎಂಜಿನಿಯರ್, ಮುಂಬಯಿ:

ನನ್ನ ಆಕ್ಷೇಪ ಬೇರೆ ದಿಕ್ಕಿನದು. ಸೆನ್ಸರ್ ದೂರವನ್ನು ನೇರವಾಗಿ ಅಳೆಯುವುದಿಲ್ಲ. ವೇಗೋತ್ಕರ್ಷವನ್ನು ಒಮ್ಮೆ ಸಂಕಲಿಸಿದರೆ ವೇಗ, ಮತ್ತೊಮ್ಮೆ ಸಂಕಲಿಸಿದರೆ ದೂರ ದೊರೆಯುತ್ತದೆ. ಅಳತೆಯಲ್ಲಿ 0.01 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ಸಣ್ಣ ತಪ್ಪು ನಿಂತುಬಿಟ್ಟರೂ 10 ಸೆಕೆಂಡಿನಲ್ಲಿ ದೂರದ ಲೆಕ್ಕ ಅರ್ಧ ಮೀಟರ್ ತಪ್ಪುತ್ತದೆ, ಒಂದು ನಿಮಿಷದಲ್ಲಿ 18 ಮೀಟರ್ ತಪ್ಪುತ್ತದೆ. ಏಳು ದಿನದ ಲೆಕ್ಕವನ್ನು ನಂಬುವುದು ಹೇಗೆ? ದತ್ತಾಂಶದ ರಾಶಿಯೂ ಸಣ್ಣದಲ್ಲ: ಎರಡು ಮಾಪಕಗಳ ಮೂರು ಮೂರು ದಿಕ್ಕು ಸೇರಿ ಆರು ಅಕ್ಷಗಳಿಂದ ವಾರಕ್ಕೆ ಒಂದು ಸೆನ್ಸರಿನಲ್ಲೇ 36 ಕೋಟಿಗೂ ಮಿಕ್ಕಿದ ಅಳತೆಗಳಾಗುತ್ತವೆ.

ಕೋಥ್ರೂಡಿನ ಸಂಶೋಧಕಿ:

ಸರ್, ನೀವು ಹೇಳಿದ ತಪ್ಪು ನಿಜ, ಅದಕ್ಕೆ ಪರಿಹಾರವೂ ನಡಿಗೆಯೊಳಗೇ ಇದೆ. ಪ್ರತಿ ಹೆಜ್ಜೆಯಲ್ಲೂ ಪಾದ ನೆಲದ ಮೇಲೆ ಪೂರ್ತಿ ಊರಿದ ಒಂದು ಗಳಿಗೆ ಅದರ ವೇಗ ಸೊನ್ನೆ ಎಂದು ನಮಗೆ ಗೊತ್ತು. ಆ ಗಳಿಗೆಯಲ್ಲಿ ಲೆಕ್ಕವನ್ನು ಸೊನ್ನೆಗೆ ತಂದು ಮತ್ತೆ ಆರಂಭಿಸಿದರೆ ತಪ್ಪು ಒಂದು ಹೆಜ್ಜೆಯಿಂದ ಮುಂದಿನದಕ್ಕೆ ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಪಾರ್ಕಿನ್ಸನ್ ಕಾಯಿಲೆ ಇರುವವರು ಅಥವಾ ಮೊಣಕಾಲು ನೋವಿನಿಂದ ಪಾದವನ್ನು ತೇಯಿಸುತ್ತಾ ನಡೆಯುವವರು ಹೆಜ್ಜೆ ಹಾಕುವಾಗ ಪಾದ ಪೂರ್ತಿ ನಿಲ್ಲುವ ಗಳಿಗೆ ಸ್ಪಷ್ಟವಾಗಿ ಸಿಗುವುದಿಲ್ಲ. ಯಾರನ್ನು ಅಳೆಯುವುದು ಅತ್ಯಂತ ಅಗತ್ಯವೋ ಅವರಲ್ಲೇ ವಿಧಾನ ದುರ್ಬಲವಾಗುತ್ತದೆ ಎಂಬುದು ನನ್ನ ನಿಜವಾದ ಚಿಂತೆ.

ಹೋದ ತಿಂಗಳು ವಿಜಯಪುರದ ಕಡೆಯ, ನನಗೆ ದೂರದ ಸಂಬಂಧದಲ್ಲಿ ದೊಡ್ಡಮ್ಮನಾಗಬೇಕಾದವರೊಬ್ಬರಿಗೆ ಅವರ ಮನೆಯಲ್ಲೇ ಸೆನ್ಸರುಗಳನ್ನು ಕಟ್ಟಿ ನೋಡಿದೆ. ಅವರ ಬೆಳ್ಳಿಯ ಕಾಲ್ಗಡಗ ಪ್ರತಿ ಹೆಜ್ಜೆಗೂ ಸೆನ್ಸರಿಗೆ ತಾಗುತ್ತಿತ್ತು. ಆ ತಾಗುವಿಕೆ ರೇಖಾಚಿತ್ರದಲ್ಲಿ ಮೊನಚಾದ ಏರಾಗಿ ಮೂಡಿ, ತಂತ್ರಾಂಶ ಅದನ್ನೂ ಹಿಮ್ಮಡಿಯ ಹೊಡೆತವೆಂದೇ ಎಣಿಸಿತು. ಸೊಂಟದ ಪಟ್ಟಿಯಂತೂ ಅವರು ಈಳಿಗೆ ಮಣೆಯ ಮುಂದೆ ಕುಳಿತು ಏಳುವಷ್ಟರಲ್ಲಿ ಲಂಗದ ಲಾಡಿಯ ಮೇಲಕ್ಕೆ ಸರಿದು ಓರೆಯಾಗಿತ್ತು. ಕಡಗವನ್ನು ತೆಗೆದಿಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅದನ್ನು ತೊಟ್ಟೇ ಅವರು ದಿನವೂ ಹೊಸ್ತಿಲು ದಾಟುತ್ತಾರೆ. ಬಿದ್ದರೆ ಬೀಳುವುದೂ ಅಲ್ಲೇ. ಪ್ರಯೋಗಾಲಯಕ್ಕೆ ಕರೆತಂದು, ಕಡಗ ತೆಗೆಸಿ, ಶೂ ತೊಡಿಸಿ ನಡೆಸಿದ್ದರೆ ನನಗೆ ಅಂದವಾದ ರೇಖಾಚಿತ್ರ ಸಿಗುತ್ತಿತ್ತು, ಅವರ ನಡಿಗೆ ಸಿಗುತ್ತಿರಲಿಲ್ಲ.

ಮಡಗಾಂವಿನ ವಿದ್ಯಾರ್ಥಿ, ಗೋವಾ:

ಶೂ ಎಂದ ಕೂಡಲೇ ಒಂದು ಮಾತು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ 1870ರ ದಶಕದಲ್ಲೇ ಶೂಗಳ ಅಟ್ಟೆಯಲ್ಲಿ ಗಾಳಿಯ ಕೋಶವನ್ನಿಟ್ಟು, ಕೊಳವೆಯ ಮೂಲಕ ಪಾದದ ಒತ್ತಡವನ್ನು ನಡೆಯುವವನ ಕೈಯಲ್ಲಿದ್ದ ಯಂತ್ರದ ಮೇಲೆ ದಾಖಲಿಸಿದ್ದರು. ಹೀಗೆ ಈ ವಿದ್ಯೆಯ ಆರಂಭದ ಪ್ರಯೋಗಗಳಲ್ಲೇ ಶೂ ಹಾಕಿದ ಪಾದವಿತ್ತು. ಮಳೆಗಾಲದಲ್ಲಿ ರಬ್ಬರ್ ಚಪ್ಪಲಿ ಜಾರದಂತೆ ಬೆರಳುಗಳಿಂದ ಬಿಗಿಹಿಡಿದು ನಡೆಯುವ ಪಾದವನ್ನು ಬೇರೆಯಾಗಿಯೇ ಅಳೆಯಬೇಕು.

ಠಾಣೆಯ ಮಗಳು:

ನಾನು ಈ ಕ್ಷೇತ್ರದವಳಲ್ಲ. ಅಮ್ಮನಿಗೆ 78. ಕಳೆದ ವರ್ಷ ಬಚ್ಚಲಮನೆಯ ಬಾಗಿಲಲ್ಲಿ ಬಿದ್ದ ಮೇಲೆ ಕೈಗೆ ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ತಂದುಕೊಟ್ಟೆ. ವಾಕರ್ ಹಿಡಿದು ನಡೆಯುವಾಗ ಕೈ ಬೀಸುವುದೇ ಇಲ್ಲವಾದ್ದರಿಂದ ಅದು ಬಹಳಷ್ಟು ಹೆಜ್ಜೆಗಳನ್ನು ಎಣಿಸಲೇ ಇಲ್ಲ. ಸಂಜೆ ಅದನ್ನು ನೋಡಿ ನಾನು, 'ಇವತ್ತೂ ನಡೆದಿಲ್ಲವಲ್ಲ ಅಮ್ಮಾ' ಎಂದು ಗದರಿದ್ದೆ. ಪಾಪ, ಅವರು ನಡೆದಿದ್ದರು. ಆದ್ದರಿಂದ ಕಾಲಿಗೆ ಕಟ್ಟುವ ನಿಮ್ಮ ಕ್ರಮ ನನಗೆ ಸರಿಯೆನಿಸುತ್ತದೆ. ಆದರೆ ರಾತ್ರಿ ಎಷ್ಟು ಸಲ ಬಚ್ಚಲಿಗೆ ಎದ್ದರು, ಮನೆಯಲ್ಲಿ ಒಬ್ಬರೇ ಇದ್ದದ್ದು ಯಾವ ಹೊತ್ತು ಎಂಬುದೆಲ್ಲ ಆ ದಾಖಲೆಯಿಂದ ತಿಳಿಯುತ್ತದಲ್ಲವೇ? ಅದು ಯಾರ ಕೈಗೆ ಸೇರುತ್ತದೆ?

ದಾದರಿನ ಫಿಸಿಯೋಥೆರಪಿಸ್ಟ್:

ಠಾಣೆಯ ಮೇಡಂ ಕೇಳಿದ್ದು ಅತ್ಯಂತ ಮುಖ್ಯ ಪ್ರಶ್ನೆ. ನಡಿಗೆಯ ದಾಖಲೆಯಿಂದ ವ್ಯಕ್ತಿಯನ್ನೇ ಗುರುತಿಸಬಹುದಾದ್ದರಿಂದ ಹೆಸರನ್ನು ಅಳಿಸಿದರಷ್ಟೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಪಾಲ್ಗೊಂಡವರು ಯಾವ ಹಂತದಲ್ಲಿ ಬೇಕಾದರೂ ಹಿಂದೆ ಸರಿಯಬಹುದು. ಅದನ್ನು ಅವರ ಮನೆಮಾತಿನಲ್ಲೇ ಹೇಳಬೇಕು, ಮಗನಿಗೋ ಸೊಸೆಗೋ ಹೇಳಿ ಮುಗಿಸಬಾರದು.

ಕಡಗದ ಪ್ರಸಂಗವನ್ನು ಓದಿದ ಮೇಲೆ ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನನ್ನೆದುರು ನಡೆಯುವಾಗ ರೋಗಿಗಳು ಪರೀಕ್ಷೆಯೆಂದು ತಿಳಿದು ಚುರುಕಾಗುತ್ತಾರೆ. ಮನೆಯ ನಡಿಗೆ ಹಾಗಿರದು. ಆದರೂ ಒಂದು ವಾರದ ದಾಖಲೆಯಿಂದ ಯಾರು ಬೀಳುತ್ತಾರೆಂದು ಹೇಳಬಹುದೆಂಬ ಆಶ್ವಾಸನೆಯನ್ನು ನೀವು ಯಾರಿಗೂ ಕೊಡಬಾರದು. ಕಣ್ಣಿನ ಪೊರೆ, ರಕ್ತದೊತ್ತಡದ ಮಾತ್ರೆ, ಒದ್ದೆ ನೆಲ ಇವೆಲ್ಲ ಕಾರಣಗಳೇ. ಇವು ಯಾವುವೂ ಸೆನ್ಸರಿಗೆ ಕಾಣುವುದಿಲ್ಲ.

ಮಾಟುಂಗಾದ ನಿವೃತ್ತ ಎಂಜಿನಿಯರ್:

ಹಾಗಾದರೆ ಎರಡನ್ನೂ ಜೋಡಿಸಿ. ಮೊದಲ ದಿನ ಅವರ ಮನೆಯ ಪಡಸಾಲೆಯಲ್ಲೋ, ಚಾಳಿನ ಉದ್ದನೆಯ ಮೊಗಸಾಲೆಯಲ್ಲೋ ಅವರದೇ ಚಪ್ಪಲಿಯಲ್ಲಿ ನಡೆಸಿ, ಪಾದಗಳನ್ನಷ್ಟೇ ವೀಡಿಯೊದಲ್ಲಿ ಚಿತ್ರಿಸಿ, ತಂತ್ರಾಂಶ ಎಣಿಸಿದ ಹೆಜ್ಜೆಗಳನ್ನು ಕಣ್ಣಾರೆ ಎಣಿಸಿದವುಗಳೊಂದಿಗೆ ಹೋಲಿಸಿ. ಯಾರಲ್ಲಿ ಲೆಕ್ಕ ಕೂಡುವುದಿಲ್ಲವೋ ಅವರ ದೂರದ ಅಂಕಿಗಳನ್ನು ಪ್ರಕಟಿಸಬೇಡಿ. ಆದರೆ ಲೆಕ್ಕ ಕೂಡಲಿಲ್ಲ ಎಂಬುದನ್ನು ಅವಶ್ಯವಾಗಿ ಪ್ರಕಟಿಸಿ.

ಕೋಥ್ರೂಡಿನ ಸಂಶೋಧಕಿ:

ಒಪ್ಪಿದೆ, ಸರ್. ಯೋಜನೆಯನ್ನು ಹೀಗೆ ಬದಲಿಸುತ್ತೇನೆ: ಸ್ಟಾಪ್‌ವಾಚಿನ ಪರೀಕ್ಷೆ ಎಲ್ಲರಿಗೂ ಇರುತ್ತದೆ, ಸೊಂಟದ ಪಟ್ಟಿಯನ್ನು ಕೈಬಿಡುತ್ತೇನೆ, ಕಡಗ ತೊಟ್ಟವರಿಗೆ ಸೆನ್ಸರನ್ನು ಮೀನಖಂಡದ ಹೊರಬದಿಗೆ ಕಟ್ಟುತ್ತೇನೆ. ಶೀರ್ಷಿಕೆಯಲ್ಲಿ 'ಬೀಳುವ ಅಪಾಯ' ಎಂಬ ಮಾತು ಇರುವುದಿಲ್ಲ. ಠಾಣೆಯ ಮೇಡಂ, ದಾಖಲೆಯಿಂದ ಗಡಿಯಾರದ ಸಮಯವನ್ನು ತೆಗೆದುಹಾಕಿ ಹೆಜ್ಜೆಗಳ ನಡುವಿನ ಅಂತರವನ್ನಷ್ಟೇ ಉಳಿಸಿಕೊಳ್ಳುತ್ತೇನೆ. ನಿಮ್ಮ ಅಮ್ಮನವರು ಪಾಲ್ಗೊಳ್ಳಲು ಇಷ್ಟಪಡುತ್ತಾರೆಯೇ ಎಂದು ಕೇಳಿ ನೋಡುವಿರಾ?

ಠಾಣೆಯ ಮಗಳು:

ಕೇಳಿದೆ. ಒಪ್ಪಿದ್ದಾರೆ, ಆದರೆ ಒಂದು ಷರತ್ತು ಹಾಕಿದ್ದಾರೆ. ಸ್ನಾನಕ್ಕೆ ಹೋಗುವಾಗ ಮತ್ತು ದೇವರ ಮುಂದೆ ಕುಳಿತಾಗ ಸೆನ್ಸರನ್ನು ತೆಗೆದಿಡುತ್ತಾರಂತೆ. ಆ ಹೊತ್ತನ್ನು ನಿಮ್ಮ ಪುಸ್ತಕದಲ್ಲಿ 'ತೆಗೆದಿಟ್ಟಿದ್ದರು' ಎಂದೇ ಬರೆದುಕೊಳ್ಳಬೇಕು, 'ನಡೆಯಲಿಲ್ಲ' ಎಂದು ಬರೆಯಬಾರದು ಎಂದಿದ್ದಾರೆ.