ಕಾನ್ಸಾಸ್‌ನ ಗೋಧಿ ಹೊಲಗಳ ನಡುವೆ ಇಷ್ಟು ದೊಡ್ಡ ಹಳೆಯ ರನ್‌ವೇಗಳು ಏಕಿವೆ?

ಪ್ರಶ್ನೆ (ವಿಚಿಟಾದಿಂದ):

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾನು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದೇನೆ. ಕಳೆದ ತಿಂಗಳು ಕಾರಿನಲ್ಲಿ ಡೆನ್ವರ್‌ಗೆ ಹೊರಟಿದ್ದಾಗ, ಹೇಸ್ ಎಂಬ ಊರಿಗಿಂತ ಸ್ವಲ್ಪ ಮೊದಲು ವಾಕರ್ ಎಂಬ ಪುಟ್ಟ ಹಳ್ಳಿಯ ಹತ್ತಿರ, ದನ ಮೇಯುವ ಬಯಲಿನಲ್ಲಿ ಬಿರುಕು ಬಿಟ್ಟ ಕಾಂಕ್ರೀಟ್ ಹಾಸು ಹಾಗೂ ಅರ್ಧ ಕುಸಿದ ಕಟ್ಟಡಗಳು ಇರುವುದು ತಿಳಿಯಿತು. ಮನೆಗೆ ಬಂದು ಉಪಗ್ರಹ ನಕ್ಷೆಯಲ್ಲಿ ನೋಡಿದರೆ ಅದು ಒಂದು ದೊಡ್ಡ ವಾಯುನೆಲೆಯ ಅವಶೇಷ. ಕುತೂಹಲದಿಂದ ಹುಡುಕುತ್ತಾ ಹೋದಂತೆ ಗ್ರೇಟ್ ಬೆಂಡ್, ಪ್ರ್ಯಾಟ್, ಸಲೈನಾ, ಲಿಬರಲ್, ಹೀಗೆ ಊರೂರಿನ ಪಕ್ಕದಲ್ಲಿಯೂ ಅಂಥದ್ದೇ ನೆಲೆಗಳ ಗುರುತು ಸಿಕ್ಕಿತು. ಅನೇಕ ಕಡೆ ರನ್‌ವೇಗಳು ಒಂದನ್ನೊಂದು ಕತ್ತರಿಸಿ ತ್ರಿಕೋನದ ಆಕಾರ ತಾಳಿವೆ.

ಇವೆಲ್ಲ ಎರಡನೇ ಮಹಾಯುದ್ಧದ ಕಾಲದ ತರಬೇತಿ ನೆಲೆಗಳೆಂದು ಇಲ್ಲಿಯವರು ಹೇಳುತ್ತಾರೆ. ಯುದ್ಧ ನಡೆದದ್ದು ಎರಡು ಸಾಗರಗಳ ಆಚೆ. ಹಾಗಿರುವಾಗ ಎರಡೂ ಕರಾವಳಿಗಳಿಂದ ದೂರವಾದ ಈ ಬಯಲಿನಲ್ಲಿ ಇಷ್ಟೊಂದು ನೆಲೆಗಳನ್ನು ಕಟ್ಟಿದ್ದು ಏಕೆ? ತ್ರಿಕೋನದ ಕಾರಣವೇನು? ಹೊಸದಾಗಿ ಕಲಿಯುವವರಿಗೆ ಅಷ್ಟು ಉದ್ದನೆಯ ಕಾಂಕ್ರೀಟ್ ರನ್‌ವೇ ಏಕೆ ಬೇಕಿತ್ತು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರಿನಿಂದ, ವಾಯುಪಡೆಯ ನಿವೃತ್ತ ತಂತ್ರಜ್ಞ):

ಮೊದಲು ತ್ರಿಕೋನದ ವಿಷಯ ಹೇಳುತ್ತೇನೆ, ಏಕೆಂದರೆ ಅದು ನನ್ನ ವೃತ್ತಿಗೆ ಹತ್ತಿರವಾದದ್ದು. ಆ ಕಾಲದ ಬಹುಪಾಲು ತರಬೇತಿ ವಿಮಾನಗಳಿಗೂ ಬಿ-17ನಂಥ ದೊಡ್ಡ ಬಾಂಬರಿಗೂ ಎರಡು ಮುಖ್ಯ ಚಕ್ರಗಳು ಮುಂದೆ, ಒಂದು ಚಿಕ್ಕ ಚಕ್ರ ಬಾಲದಡಿಯಲ್ಲಿ ಇರುತ್ತಿದ್ದವು. ಇಂಥ ವಿಮಾನದ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುವುದರಿಂದ, ಇಳಿಯುವಾಗ ಅಡ್ಡಗಾಳಿ ಬಾಲವನ್ನು ಸ್ವಲ್ಪ ತಳ್ಳಿದರೂ ಸಾಕು, ವಿಮಾನ ನೆಲದ ಮೇಲೆಯೇ ಗಿರ್ರನೆ ಸುತ್ತಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಹತ್ತಾರು ಗಂಟೆಯಷ್ಟೇ ಹಾರಿದ ಹುಡುಗನ ಕೈಯಲ್ಲಿ ಅದನ್ನು ತಡೆಯುವುದು ಕಷ್ಟ. ಮೂರು ರನ್‌ವೇಗಳನ್ನು ಪರಸ್ಪರ 60 ಡಿಗ್ರಿ ಕೋನದಲ್ಲಿ ಹಾಕಿದರೆ, ಪ್ರತಿಯೊಂದನ್ನೂ ಎರಡೂ ತುದಿಯಿಂದ ಬಳಸಬಹುದಾದ್ದರಿಂದ ಆರು ದಿಕ್ಕುಗಳು ದೊರೆಯುತ್ತವೆ. ಆಗ ಗಾಳಿ ಎತ್ತಲಿಂದ ಬೀಸಿದರೂ ಯಾವುದಾದರೊಂದು ರನ್‌ವೇಗೆ ಅದು 30 ಡಿಗ್ರಿಗಿಂತ ಹೆಚ್ಚು ಓರೆಯಾಗುವುದಿಲ್ಲ. ಕಾನ್ಸಾಸ್‌ನ ಗಾಳಿ ಹೇಗಿರುತ್ತದೆ ಎಂಬುದನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ.

ಒಳನಾಡನ್ನು ಆರಿಸಿಕೊಂಡದ್ದಕ್ಕೆ ಕಾರಣಗಳು ಸರಳ: ಚಪ್ಪಟೆ ನೆಲ, ವರ್ಷದ ಬಹುಕಾಲ ತಿಳಿಯಾದ ಆಕಾಶ, ವಿರಳ ಜನವಸತಿ, ರೈಲು ಸಂಪರ್ಕ ಮತ್ತು ಶತ್ರುವಿನ ಕೈಗೆಟುಕದ ದೂರ.

ಇನ್ನು ತರಬೇತಿ ಒಂದೇ ನೆಲೆಯಲ್ಲಿ ಮುಗಿಯುತ್ತಿರಲಿಲ್ಲ. ಪ್ರಾಥಮಿಕ, ಮೂಲ, ಉನ್ನತ ಎಂಬ ಮೂರು ಹಂತಗಳಿದ್ದು, ಒಂದೊಂದಕ್ಕೆ ಸುಮಾರು ಒಂಬತ್ತು-ಹತ್ತು ವಾರ ಹಿಡಿಯುತ್ತಿತ್ತು. ಒಂದು ಹಂತ ಮುಗಿಸಿದ ಕೆಡೆಟ್ ಪೆಟ್ಟಿಗೆ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಬೇಕು. ಪ್ರಾಥಮಿಕ ಹಂತವನ್ನು 1939ರಿಂದಲೇ ಗುತ್ತಿಗೆಯ ಮೇಲೆ ಖಾಸಗಿ ಹಾರಾಟ ಶಾಲೆಗಳಿಗೆ ವಹಿಸಲಾಯಿತು. ಸೈನ್ಯದ ಬಳಿ ಅಷ್ಟು ಜನ ಶಿಕ್ಷಕರೇ ಇರಲಿಲ್ಲ. ಸ್ಟಿಯರ್‌ಮನ್‌ನಂಥ ಎರಡು ಜೋಡಿ ರೆಕ್ಕೆಯ ವಿಮಾನದಲ್ಲಿ ಹುಲ್ಲಿನ ಮೈದಾನದ ಮೇಲೆಯೇ ಆ ಪಾಠ ನಡೆಯಬಹುದಿತ್ತು. ನಿಮ್ಮ ರಾಜ್ಯದ ಕಾಫಿವಿಲ್, ಇಂಡಿಪೆಂಡೆನ್ಸ್, ಗಾರ್ಡನ್ ಸಿಟಿ ನೆಲೆಗಳು ಮೂಲ ಹಂತದವು. ಲಿಬರಲ್‌ನಲ್ಲಿ ಆಗಲೇ ಪೈಲಟ್ ಆದವರಿಗೆ ನಾಲ್ಕು ಎಂಜಿನ್ನಿನ ಬಿ-24 ಬಾಂಬರ್ ನಡೆಸುವುದನ್ನು ಕಲಿಸುತ್ತಿದ್ದರು. ನೀವು ಕೇಳಿದ ಉದ್ದನೆಯ ಕಾಂಕ್ರೀಟ್ ಬೇಕಾದದ್ದು ಈ ಕೊನೆಯ ಬಗೆಯ ನೆಲೆಗಳಿಗೆ.

ಈ ಊರಿಂದೂರಿನ ಪಯಣಕ್ಕೆ ಒಂದು ನೋವಿನ ಅಪವಾದವಿದೆ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕಪ್ಪು ಜನಾಂಗದ ಕೆಡೆಟ್‌ಗಳಿಗೆ ಪ್ರಾಥಮಿಕ ಪಾಠ ಮೋಟನ್ ಫೀಲ್ಡ್‌ನಲ್ಲಿ ನಡೆದರೆ, ಮುಂದಿನ ಎರಡು ಹಂತಗಳೂ ಹತ್ತಿರದ ಒಂದೇ ಸೇನಾ ನೆಲೆಯಲ್ಲಿ ನಡೆದವು. ಬಿಳಿಯರ ನೆಲೆಗಳು ಅವರಿಗೆ ಮುಚ್ಚಿದ್ದವು. 1941ರ ಜುಲೈಯಲ್ಲಿ ಸೇರಿದ ಮೊದಲ ತಂಡದ 13 ಜನರಲ್ಲಿ 1942ರ ಮಾರ್ಚ್‌ನಲ್ಲಿ ತೇರ್ಗಡೆಯಾದವರು ಐವರು.

ಉತ್ತರ 2 (ಖರಗ್‌ಪುರದ ಐಐಟಿಯಲ್ಲಿ ಓದಿದವನು, ಈಗ ಹುಬ್ಬಳ್ಳಿಯಲ್ಲಿ):

ನೀವು ಹೆಸರಿಸಿದ ವಾಕರ್, ಪ್ರ್ಯಾಟ್, ಗ್ರೇಟ್ ಬೆಂಡ್ ಮತ್ತು ಸಲೈನಾದ ಸ್ಮೋಕಿ ಹಿಲ್, ಈ ನಾಲ್ಕೂ ನೆಲೆಗಳಿಗೂ ನಮ್ಮ ದೇಶಕ್ಕೂ ನೇರ ಸಂಬಂಧವಿದೆ. ಇದನ್ನು ಭಾರತೀಯರು ಅಷ್ಟಾಗಿ ಅರಿತಿಲ್ಲವೆಂಬುದು ನನ್ನ ಬಹುದಿನದ ಕೊರಗು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಿ-29 ಎಂಬ ಹೊಸ ಬಾಂಬರನ್ನು ನಡೆಸುವ ಮೊದಲ ತಂಡಗಳು ಸಿದ್ಧಗೊಂಡದ್ದು ಈ ನಾಲ್ಕು ನೆಲೆಗಳಲ್ಲಿ. ವಿಮಾನಗಳನ್ನು ತಯಾರಿಸುತ್ತಿದ್ದ ಬೋಯಿಂಗ್ ಕಾರ್ಖಾನೆ ನೀವಿರುವ ವಿಚಿಟಾದಲ್ಲಿಯೇ ಇತ್ತು. ಆದರೆ ವಿಮಾನ ಇನ್ನೂ ಪಕ್ವವಾಗಿರಲಿಲ್ಲ. ಅದರ ಎಂಜಿನ್ನುಗಳು ವಿಪರೀತ ಕಾದು ಬೆಂಕಿ ಹತ್ತಿಕೊಳ್ಳುತ್ತಿದ್ದವು. 1943ರ ಫೆಬ್ರುವರಿಯಲ್ಲಿ ಸಿಯಾಟಲ್‌ನಲ್ಲಿ ಪರೀಕ್ಷಾ ವಿಮಾನವೊಂದು ಹೀಗೆಯೇ ಉರಿದು ಬಿದ್ದು, ಹೆಸರಾಂತ ಪೈಲಟ್ ಎಡ್ಡಿ ಆ್ಯಲೆನ್ ಮತ್ತು ಅವರ ಸಂಗಡಿಗರೆಲ್ಲ ತೀರಿಕೊಂಡರು. ಬಿ-29 ಸಾಕಷ್ಟು ಸಂಖ್ಯೆಯಲ್ಲಿ ಕೈಗೆ ಬರದ ಕಾರಣ ಕಾನ್ಸಾಸ್‌ನ ತಂಡಗಳು ಬಹುಕಾಲ ಬಿ-17ರಂಥ ಹಳೆಯ ವಿಮಾನಗಳಲ್ಲೇ ಅಭ್ಯಾಸ ಮಾಡಬೇಕಾಯಿತು.

1944ರ ಮಾರ್ಚ್‌ನಲ್ಲಿ ವಾಯುಪಡೆಯ ಮುಖ್ಯಸ್ಥ ಜನರಲ್ ಆರ್ನಲ್ಡ್ ಸಲೈನಾಕ್ಕೆ ಬಂದು ನೋಡಿದಾಗ, ಭಾರತಕ್ಕೆ ಹೊರಡಲು ಅಣಿಯಾದ ಒಂದು ವಿಮಾನವೂ ಇರಲಿಲ್ಲ. ಅಂದಿನಿಂದ ಏಪ್ರಿಲ್ ಮಧ್ಯದವರೆಗೆ ನಡೆದ ಧಾವಂತದ ಕೆಲಸವನ್ನು ಅಮೆರಿಕನ್ನರು ‘ಕಾನ್ಸಾಸ್ ಕದನ’ ಎಂದೇ ಕರೆಯುತ್ತಾರೆ. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರಿನಷ್ಟಿದ್ದ ಆ ವಿಮಾನಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಹ್ಯಾಂಗರ್‌ಗಳೊಳಗೆ ಹಿಡಿಸುತ್ತಿದ್ದುದರಿಂದ, ಸೈನಿಕರೂ ಕಾರ್ಖಾನೆಯಿಂದ ಕರೆತಂದ ಕೆಲಸಗಾರರೂ ಹಿಮ ಬೀಳುವ ಬಯಲಿನಲ್ಲಿ ನಿಂತು, ಮರಗಟ್ಟಿದ ಕೈಗಳಿಂದ ಎಂಜಿನ್ನುಗಳನ್ನು ಬದಲಾಯಿಸಿದರು, ತಂತಿಗಳನ್ನು ಮತ್ತೆ ಜೋಡಿಸಿದರು. ಈ ಕೆಲಸಗಾರರ ಪಾಲನ್ನು ಯುದ್ಧದ ಕಥೆ ಹೇಳುವವರು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ನ್ಯಾಯವಲ್ಲ.

ಅಲ್ಲಿಂದ ಹೊರಟ ವಿಮಾನಗಳು ಉತ್ತರ ಆಫ್ರಿಕಾ, ಕರಾಚಿಗಳ ಮೂಲಕ ಹಾದು ಖರಗ್‌ಪುರದ ಸುತ್ತಲಿನ ನೆಲೆಗಳಿಗೆ ಬಂದವು. ಮೊದಲನೆಯದು 1944ರ ಏಪ್ರಿಲ್ 2ರಂದು ಚಾಕುಲಿಯಾದಲ್ಲಿ ಇಳಿಯಿತು. ಪ್ರ್ಯಾಟ್‌ನ ತಂಡ ಚಾಕುಲಿಯಾಕ್ಕೆ, ವಾಕರ್‌ನ ತಂಡ ಪಿಯಾರ್ದೋಬಾಕ್ಕೆ, ಸ್ಮೋಕಿ ಹಿಲ್‌ನ ತಂಡ ಖರಗ್‌ಪುರಕ್ಕೆ ಬಂದಿತು; ಗ್ರೇಟ್ ಬೆಂಡ್‌ನವರು ಕೊನೆಗೆ ನೆಲೆಸಿದ್ದು ದೂಧ್‌ಕುಂಡಿಯಲ್ಲಿ. ಇಲ್ಲಿನ ರನ್‌ವೇಗಳಿಗಾಗಿ ಮಣ್ಣು ಹೊತ್ತವರು ಸಾವಿರಾರು ಭಾರತೀಯ ಕೂಲಿಕಾರರು. ಆ ವರ್ಷದ ಜೂನ್ 5ರಂದು ಬಿ-29ಗಳು ತಮ್ಮ ಮೊತ್ತಮೊದಲ ದಾಳಿಗೆ ಬ್ಯಾಂಕಾಕ್‌ನತ್ತ ಹೊರಟದ್ದು ಈ ನೆಲದಿಂದಲೇ.

ಅವರ ಮುಖ್ಯ ಕಚೇರಿ ಇದ್ದದ್ದು ಹಿಜ್ಲಿ ಬಂದೀಖಾನೆಯ ಕಟ್ಟಡದಲ್ಲಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ, 1931ರಲ್ಲಿ ಇಬ್ಬರು ಬಂದಿಗಳನ್ನು ಗುಂಡಿಟ್ಟು ಕೊಂದ ಸ್ಥಳ ಅದು. 1951ರಲ್ಲಿ ದೇಶದ ಮೊದಲ ಐಐಟಿ ಆರಂಭವಾದದ್ದೂ ಅದೇ ಕಟ್ಟಡದಲ್ಲಿ. ನಾನು ನಾಲ್ಕು ವರ್ಷ ಅದರ ಮುಂದೆಯೇ ಓಡಾಡಿದ್ದರೂ, ಕಾನ್ಸಾಸ್‌ನಿಂದ ಬಂದವರು ಅಲ್ಲಿ ನಕ್ಷೆ ಹರಡಿಕೊಂಡು ಕುಳಿತಿದ್ದರೆಂದು ತಿಳಿದದ್ದು ಊರು ಬಿಟ್ಟ ಮೇಲೆ.

ಉತ್ತರ 3 (ಟೆಕ್ಸಾಸ್‌ನಿಂದ):

ಮೇಲಿನ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ನಾನು ಈ ನೆಲೆಗಳಲ್ಲಿ ಮಡಿದವರ ಬಗ್ಗೆ ಹೇಳಬೇಕೆಂದಿದ್ದೇನೆ. ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೆಯೇ ಸಂಭವಿಸಿದ ಸೇನಾ ವಿಮಾನ ಅಪಘಾತಗಳ ಸಂಖ್ಯೆ 50,000ವನ್ನು ಮೀರಿತ್ತು; ಅವುಗಳಲ್ಲಿ ಸುಮಾರು 15,000 ಮಂದಿ ಪ್ರಾಣ ಕಳೆದುಕೊಂಡರು. ಇವರಲ್ಲಿ ಬಹಳ ಮಂದಿ ಶತ್ರುವನ್ನು ಕಣ್ಣಿನಿಂದಲೂ ನೋಡದ, ಇಪ್ಪತ್ತರ ಆಸುಪಾಸಿನ ಹುಡುಗರು.

ಹುಡುಗಿಯರೂ ಇದ್ದರು. ನಾನಿರುವಲ್ಲಿಂದ ಸ್ವೀಟ್‌ವಾಟರ್ ಎಂಬ ಊರು ಕೆಲವೇ ಗಂಟೆಗಳ ದಾರಿ. ಅಲ್ಲಿಯ ಅವೆಂಜರ್ ಫೀಲ್ಡ್‌ನಲ್ಲಿ ಜಾಕ್ವೆಲಿನ್ ಕಾಕ್ರನ್ ಅವರ ನೇತೃತ್ವದ ವಾಸ್ಪ್ ಪಡೆಯ ಮಹಿಳೆಯರು ಹಾರಾಟ ಕಲಿತರು. ಅರ್ಜಿ ಹಾಕಿದವರು ಸುಮಾರು 25,000 ಮಂದಿ, ಆಯ್ಕೆಯಾದವರು 1,830, ತರಬೇತಿ ಪೂರೈಸಿದವರು 1,074. ಇವರು ಕಾರ್ಖಾನೆಯಿಂದ ನೆಲೆಗೆ ವಿಮಾನ ಮುಟ್ಟಿಸುತ್ತಿದ್ದರು, ಗುಂಡು ಹಾರಿಸಲು ಕಲಿಯುವವರಿಗಾಗಿ ಬಟ್ಟೆಯ ಗುರಿಯನ್ನು ತಮ್ಮ ವಿಮಾನದ ಹಿಂದೆ ಎಳೆದುಕೊಂಡು ಹಾರುತ್ತಿದ್ದರು. ನಿಮ್ಮ ಕಾನ್ಸಾಸ್‌ನ ಡಾಡ್ಜ್ ಸಿಟಿಯಲ್ಲಿ, ಗಂಡಸರೇ ಅಂಜುತ್ತಿದ್ದ ಬಿ-26 ವಿಮಾನವನ್ನೂ ಇವರಲ್ಲಿ ಕೆಲವರು ಕಲಿತು ನಡೆಸಿದರು. 38 ಮಂದಿ ಸೇವೆಯಲ್ಲಿದ್ದಾಗಲೇ ಮಡಿದರು. ಕಾಗದದ ಮೇಲೆ ಅವರು ಸೈನಿಕರಲ್ಲ, ನಾಗರಿಕ ನೌಕರರು. ಆದ್ದರಿಂದ ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವ ಹಕ್ಕು ಇರಲಿಲ್ಲ, ದೇಹವನ್ನು ಮನೆಗೆ ಕಳುಹಿಸುವ ಖರ್ಚಿಗೆ ಅನೇಕ ಬಾರಿ ಗೆಳತಿಯರೇ ಹಣ ಕೂಡಿಸಿದರು. 1944ರ ಡಿಸೆಂಬರ್ 20ರಂದು ಪಡೆಯನ್ನು ವಿಸರ್ಜಿಸಲಾಯಿತು. ಮಾಜಿ ಸೈನಿಕರೆಂಬ ಮಾನ್ಯತೆಗಾಗಿ ಅವರು 1977ರವರೆಗೆ ಕಾಯಬೇಕಾಯಿತು. ಇದು ಉದ್ದೇಶಪೂರ್ವಕ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾಕರ್‌ಗೂ ಖರಗ್‌ಪುರಕ್ಕೂ ನಂಟಿರುವುದನ್ನು ಓದಿ ಬೆರಗಾದೆ. ಇನ್ನೊಂದೇ ಸಂದೇಹ: ಇಷ್ಟು ಖರ್ಚು ಮಾಡಿ ಕಟ್ಟಿದವು ಕೆಲವೆಡೆ ಇಂದಿಗೂ ನಡೆಯುತ್ತಿವೆ, ವಾಕರ್‌ನಂಥವು ಮಾತ್ರ ಹಾಳುಬಿದ್ದಿವೆ. ಈ ವ್ಯತ್ಯಾಸ ಏಕೆ?

ಉತ್ತರ 1ರವರು ಮತ್ತೆ:

ಕಟ್ಟಡಗಳನ್ನು ಯುದ್ಧ ಮುಗಿಯುವವರೆಗೆ ನಿಂತರೆ ಸಾಕೆಂಬ ಲೆಕ್ಕದಲ್ಲಿ ಹಲಗೆ, ಟಾರು ಕಾಗದಗಳಿಂದ ಕಟ್ಟಿದ್ದರು. ಗಟ್ಟಿಯಾಗಿದ್ದದ್ದು ರನ್‌ವೇ ಮಾತ್ರ. 1944ರ ಹೆಚ್ಚುವರಿ ಆಸ್ತಿ ಕಾಯಿದೆಯ ಪ್ರಕಾರ, ಸೈನ್ಯಕ್ಕೆ ಬೇಡವಾದ ಇಂಥ ನೆಲೆಗಳನ್ನು ಸಾರ್ವಜನಿಕ ವಿಮಾನ ನಿಲ್ದಾಣವಾಗಿಯೇ ಉಳಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಪಟ್ಟಣಗಳಿಗೆ ವಹಿಸಿಕೊಡಬಹುದಿತ್ತು. ಪಕ್ಕದಲ್ಲಿ ಸಾಕಷ್ಟು ದೊಡ್ಡ ಊರಿದ್ದ ಕಡೆ ಇದು ಕೈಗೂಡಿತು. ಗ್ರೇಟ್ ಬೆಂಡ್ ಮತ್ತು ಪ್ರ್ಯಾಟ್ ಇಂದಿಗೂ ನಿಲ್ದಾಣಗಳಾಗಿವೆ. ಗ್ರೇಟ್ ಬೆಂಡ್‌ನ ಕಾಂಕ್ರೀಟಿನ ಮೇಲೆ 1955ರಲ್ಲಿ ದೇಶದ ಮೊದಲ ರಾಷ್ಟ್ರೀಯ ಡ್ರ್ಯಾಗ್ ರೇಸ್ ಸಹ ನಡೆಯಿತು. ವಾಕರ್‌ನ ಪಕ್ಕದಲ್ಲಿದ್ದದ್ದು ನೀವು ಕಂಡ ಆ ಪುಟ್ಟ ಹಳ್ಳಿ ಮಾತ್ರ. ನೋಡಲು ಹೋಗುವುದಾದರೆ ಅದು ಈಗ ಖಾಸಗಿ ಜಮೀನು. ದಯವಿಟ್ಟು ಮಾಲೀಕರ ಅನುಮತಿ ಕೇಳಿಯೇ ಒಳಗೆ ಹೋಗಿರಿ.