ಸಹಾಯ ಬೇಕು: ತುಳುನಾಡಿನ ಹೆಂಗಸರ ವಾರದ ಹೆಸರುಗಳು

ಎಲ್ಲರಿಗೂ ನಮಸ್ಕಾರ. ಹುಟ್ಟಿದ ವಾರ ನೋಡಿ ಹೆಸರಿಡುವ ರೂಢಿಯ ಬಗ್ಗೆ ಬರೆಯುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡು ಮಗು ಕೋಫಿ, ಹೆಣ್ಣಾದರೆ ಅಫುವಾ. ಶನಿವಾರಕ್ಕೆ ಕ್ವಾಮೆ, ಅಮಾ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹುಟ್ಟಿದ 1938ರ ಏಪ್ರಿಲ್ 8 ಕೂಡ ಶುಕ್ರವಾರವೇ!

ನಮ್ಮ ತುಳುನಾಡಿನಲ್ಲೂ ಹೀಗೇ ಅಲ್ವಾ? ಭಾನುವಾರಕ್ಕೆ ಐತ, ಮಂಗಳವಾರಕ್ಕೆ ಅಂಗಾರ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಗಂಡಸರ ಹೆಸರು ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಂಗಸರದ್ದೇ ತೊಡಕು. ಮನೆಯ ಹಿರಿಯರನ್ನು ಕೇಳಿದೆ, ಹಳೆಯ ಮತದಾರರ ಪಟ್ಟಿ ನೋಡಿದೆ. ಸಿಕ್ಕ ಒಂದೆರಡು ಹೆಸರು ವಾರದಿಂದ ಬಂದದ್ದೋ ದೇವರಿಂದ ಬಂದದ್ದೋ ತಿಳಿಯುತ್ತಿಲ್ಲ. ಈ ಅಜ್ಜಿಯರ ಹೆಸರು ಹಾಗೇ ಮರೆತುಹೋಗಬಾರದು.

ನಿಮ್ಮ ಕಡೆ ಯಾವ ವಾರ ಹುಟ್ಟಿದ ಹೆಣ್ಣು ಮಗುವಿಗೆ ಏನು ಹೆಸರಿಡುತ್ತಿದ್ದರು? ಊರಿನ ಹೆಸರನ್ನೂ ಸೇರಿಸಿ ತಿಳಿಸುತ್ತೀರಾ?