ಅಪ್‌ಡೇಟ್: ಹಿಂಬದಿ ಕಾಣುವ ಸೈಕಲ್ ಕನ್ನಡಕದಲ್ಲಿ ಕನ್ನಡಿ ಬಲಕ್ಕಿರಲಿ
ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಹಿಂದಿನ ವಾಹನಗಳನ್ನು ಪದೇ ಪದೇ ಕತ್ತು ತಿರುಗಿಸದೆ ನೋಡುವುದು ಹೇಗೆಂದು ಕೇಳಿದ್ದೆ. ಗಾಜಿನ ಅಂಚಿನಲ್ಲೇ ಪುಟ್ಟ ಕನ್ನಡಿ ಕೂರಿಸಿದ ಕನ್ನಡಕವನ್ನು ಸೂಚಿಸಿದವರಿಗೆ ಮನಃಪೂರ್ವಕ ಧನ್ಯವಾದಗಳು. ಅದೇ ಫಲ ಕೊಟ್ಟಿತು. ಹ್ಯಾಂಡಲ್‌ಗೆ ಸಿಕ್ಕಿಸುವ ಕನ್ನಡಿ ರಸ್ತೆಗುಂಡಿಗಳಲ್ಲಿ ಅದುರಿ, ಬಿಂಬವೇ ನಿಲ್ಲಲಿಲ್ಲ. ಕೊಳ್ಳುವವರು ಗಮನಿಸಬೇಕಾದದ್ದು ಇಷ್ಟು: ನಮ್ಮಲ್ಲಿ ಎಡಬದಿಯ ಸಂಚಾರವಿರುವುದರಿಂದ ವಾಹನಗಳು ಬಲಗಡೆಯಿಂದ ಹಿಂದಿಕ್ಕುತ್ತವೆ, ಆದ್ದರಿಂದ ಕನ್ನಡಿ ಬಲಗಣ್ಣಿನ ಕಡೆಗೇ ಇರಬೇಕು, ಅಮೆರಿಕದ ಸವಾರರಿಗೆ ಎಡಗಡೆಯದು ಬೇಕಾಗುತ್ತದೆ. ನನಗೆ ಅಚ್ಚರಿ ತಂದದ್ದೆಂದರೆ, ಕನ್ನಡಿ ಕಣ್ಣಿಗೆ ಅಷ್ಟು ಹತ್ತಿರವಿದ್ದರೂ ದೃಷ್ಟಿಯನ್ನು ಅದರ ಮೇಲಲ್ಲ, ಅದರೊಳಗೆ ಕಾಣುವ ದೂರದ ಬಸ್ಸಿನ ಮೇಲೆ ನೆಡಬೇಕು, ಏಕೆಂದರೆ ಸಮತಲ ದರ್ಪಣದಲ್ಲಿ ಬಿಂಬವು ವಸ್ತುವಿನಷ್ಟೇ ದೂರದಲ್ಲಿ ಮೂಡುತ್ತದೆ. ಪಥ ಬದಲಿಸುವ ಮುನ್ನ ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡುವುದನ್ನು ಮಾತ್ರ ನಾನು ಬಿಟ್ಟಿಲ್ಲ.